ಯಾರ ಮುಖ, ಯಾರ ಮಾತು?
ರೂಪಕಕಥೆ ಚಲನಚಿತ್ರವಾದಾಗ ಏಳುವ ಪ್ರಶ್ನೆಗಳು



ದಾವಣಗೆರೆಯಿಂದ ಹರಿಹರಕ್ಕೆ ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ. ತುಂಗಭದ್ರೆಯ ದಂಡೆಯ ಮೇಲಿರುವ ಹರಿಹರೇಶ್ವರ ದೇವಾಲಯವನ್ನು ನಿಮ್ಮಲ್ಲಿ ಅನೇಕರು ನೋಡಿರುತ್ತೀರಿ. ಹೊಯ್ಸಳ ದೊರೆ ಎರಡನೆಯ ನರಸಿಂಹನ ದಂಡನಾಯಕ ಪೋಲಾಳ್ವನು ೧೨೨೪ರ ಸುಮಾರಿಗೆ ಕಟ್ಟಿಸಿದ ಗುಡಿ ಅದು. ಒಳಗಿರುವ ಮೂರ್ತಿಯಲ್ಲಿ ಅರ್ಧ ಹರಿ, ಅರ್ಧ ಹರ.

ಹರಿಯೂ ಹರನೂ ಒಂದೇ ಎಂದು ಬಾಯಲ್ಲಿ ಹೇಳುವುದು ಸುಲಭ. ಪದ್ಯದಲ್ಲಿ ಬರೆಯುವುದೂ ಕಷ್ಟವಲ್ಲ. ಆದರೆ ಅದನ್ನೇ ಕಲ್ಲಿನಲ್ಲಿ ಕಡೆಯಬೇಕಾದ ಶಿಲ್ಪಿಯ ಪಾಡು ಬೇರೆ. ಯಾವ ಬದಿಗೆ ಯಾರು, ಯಾವ ಕೈಯಲ್ಲಿ ಯಾವ ಆಯುಧ, ತಲೆಯ ಮೇಲೆ ಜಟೆಯೋ ಕಿರೀಟವೋ ಎಂಬುದನ್ನೆಲ್ಲ ಅವನು ತೀರ್ಮಾನಿಸಲೇಬೇಕು. ಬರೀ ಒಬ್ಬ ದೇವರನ್ನು ಕೆತ್ತಿಟ್ಟು, 'ಇನ್ನೊಬ್ಬನೂ ಇದರಲ್ಲೇ ಇದ್ದಾನೆಂದು ತಿಳಿದುಕೊಳ್ಳಿ' ಎಂದಿದ್ದರೆ ಭಕ್ತರು ಒಪ್ಪುತ್ತಿರಲಿಲ್ಲ.

ಕಾದಂಬರಿಯೊಂದನ್ನು ಚಲನಚಿತ್ರ ಮಾಡುವವರ ಪಾಡೂ ಬಹುಮಟ್ಟಿಗೆ ಇದೇ. ಪುಸ್ತಕದಲ್ಲಿ 'ಒಬ್ಬ ಬಡ ಆಳು' ಎಂದು ಬರೆದರೆ ಸಾಕು, ಓದುಗ ತನಗೆ ತೋಚಿದ ಮುಖವನ್ನು ಕೊಟ್ಟುಕೊಳ್ಳುತ್ತಾನೆ. ತೆರೆಯ ಮೇಲೆ ಮಾತ್ರ ಒಂದು ನಿರ್ದಿಷ್ಟ ಮುಖ, ಒಂದು ನಿರ್ದಿಷ್ಟ ಬಣ್ಣ, ಒಂದು ನಿರ್ದಿಷ್ಟ ಉಚ್ಚಾರ ಬೇಕು. ಆ ಮುಖ ಯಾರದು? ಆ ಮಾತು ಯಾರದು? ಕಥೆಯಲ್ಲಿ ರಾಜಕೀಯದ ಒಳಾರ್ಥವೂ ಇದ್ದರೆ ಈ ಪ್ರಶ್ನೆಗಳು ಇನ್ನಷ್ಟು ಗಂಭೀರವಾಗುತ್ತವೆ. ಅದನ್ನು ಕುರಿತು ಇಲ್ಲಿ ಒಂದಿಷ್ಟು ವಿಚಾರ ಮಾಡೋಣ.

ರೂಪಕಕಥೆ ಎಂದರೇನು?

ಮೇಲ್ನೋಟಕ್ಕೆ ಒಂದು ಕಥೆ, ಒಳಗೆ ಇನ್ನೊಂದು ಕಥೆ. ಹೊರಗಿನ ಪ್ರತಿಯೊಂದು ಪಾತ್ರಕ್ಕೂ ಒಳಗೆ ಒಂದು ಅರ್ಥ. ಇದು ರೂಪಕಕಥೆಯ ಸ್ಥೂಲ ಲಕ್ಷಣ. ಕನ್ನಡಕ್ಕೆ ಇದು ಹೊಸದಲ್ಲ. ಕ್ರಿ.ಶ. ೧೦೩೧ರ ಸುಮಾರಿಗೆ ದುರ್ಗಸಿಂಹನು ಕನ್ನಡದಲ್ಲಿ 'ಪಂಚತಂತ್ರ'ವನ್ನು ಬರೆದ. ಸಿಂಹ, ಎತ್ತು, ನರಿಗಳ ಕಥೆಯಂತೆ ಕಾಣುವ ಅದರಲ್ಲಿ ಅರಸ, ಅವನ ನೆಚ್ಚಿನ ಮಿತ್ರ, ಇಬ್ಬರ ನಡುವೆ ಹುಳಿ ಹಿಂಡುವ ಆಸ್ಥಾನಿಕರು ಇದ್ದಾರೆ. ಚಾಲುಕ್ಯರ ಆಸ್ಥಾನದಲ್ಲಿ ಸಂಧಿವಿಗ್ರಹಿಯಾಗಿದ್ದ ಕವಿಗೆ ಅರಮನೆಯ ರಾಜಕೀಯ ಗೊತ್ತಿಲ್ಲದ್ದೇನಲ್ಲ.

ಇಪ್ಪತ್ತನೆಯ ಶತಮಾನದಲ್ಲಿ ಲೋಕಪ್ರಸಿದ್ಧವಾದ ರಾಜಕೀಯ ರೂಪಕಕಥೆಯೆಂದರೆ ಜಾರ್ಜ್ ಆರ್ವೆಲ್‌ನ 'ಅನಿಮಲ್ ಫಾರ್ಮ್'. ೧೯೪೫ರಲ್ಲಿ ಪ್ರಕಟವಾದ ಈ ಕೃತಿಯಲ್ಲಿ ಒಂದು ಹೊಲಮನೆಯ ಪ್ರಾಣಿಗಳು ಯಜಮಾನನನ್ನು ಓಡಿಸಿ ತಾವೇ ಆಳಿಕೊಳ್ಳಲು ತೊಡಗುತ್ತವೆ. ಕೊನೆಗೆ ಹಂದಿಗಳೇ ಹೊಸ ಯಜಮಾನರಾಗಿಬಿಡುತ್ತವೆ. ೧೯೫೪ರಲ್ಲಿ ಬ್ರಿಟನ್ನಿನ ಹಲಾಸ್ ಮತ್ತು ಬ್ಯಾಚಲರ್ ದಂಪತಿ ಇದನ್ನು ವ್ಯಂಗ್ಯಚಿತ್ರಗಳ ಸಿನಿಮಾ ಮಾಡಿದರು. ಎರಡು ಸಂಗತಿಗಳನ್ನು ಗಮನಿಸಿ. ಪುಸ್ತಕದ ಕೊನೆಯಲ್ಲಿ ಹಂದಿಗೂ ಮನುಷ್ಯನಿಗೂ ವ್ಯತ್ಯಾಸವೇ ಕಾಣದೆ ಪ್ರಾಣಿಗಳು ದಿಗ್ಭ್ರಾಂತವಾಗಿ ನಿಲ್ಲುತ್ತವೆ. ಸಿನಿಮಾದ ಕೊನೆಯಲ್ಲಿ ಅವು ಹಂದಿಗಳ ಮೇಲೆ ತಿರುಗಿಬೀಳುತ್ತವೆ. ಈ ಚಿತ್ರಕ್ಕೆ ಒದಗಿದ ಹಣದ ಹಿಂದೆ ಅಮೆರಿಕದ ಗುಪ್ತಚರ ಸಂಸ್ಥೆ ಸಿ.ಐ.ಎ. ಇತ್ತೆಂಬುದು ಎಷ್ಟೋ ವರ್ಷಗಳ ನಂತರ ಬಯಲಾಯಿತು. ಎರಡನೆಯ ಸಂಗತಿ: ಹಂದಿ, ಕುದುರೆ, ಕತ್ತೆ, ಕೋಳಿ ಎಂಬ ಭೇದವಿಲ್ಲದೆ ಎಲ್ಲ ಪ್ರಾಣಿಗಳಿಗೂ ದನಿ ಕೊಟ್ಟವನು ಮಾರಿಸ್ ಡೆನ್‌ಹ್ಯಾಮ್ ಎಂಬ ಒಬ್ಬನೇ ನಟ. ಅವನ ಕಂಠಚಾತುರ್ಯ ಮೆಚ್ಚತಕ್ಕದ್ದೇ. ಆದರೂ ತುಳಿದವರೂ ತುಳಿಸಿಕೊಂಡವರೂ ಒಂದೇ ಗಂಟಲಿನಿಂದ ಮಾತಾಡುವ ಈ ಚಿತ್ರವನ್ನು ನಮ್ಮ ಚರ್ಚೆಗೆ ಒಂದು ಗುರುತಾಗಿ ಇಟ್ಟುಕೊಳ್ಳಬಹುದು.

ಪ್ರಾತಿನಿಧ್ಯಕ್ಕೆ ಎರಡು ಅರ್ಥ

'ಪ್ರತಿನಿಧಿ' ಎಂಬ ಮಾತು ನಮಗೆ ಹೆಚ್ಚು ಪರಿಚಯವಾಗಿರುವುದು ಚುನಾವಣೆಯಿಂದ. ದಾವಣಗೆರೆ ಒಂದು ಕಾಲಕ್ಕೆ ಹತ್ತಿ ಗಿರಣಿಗಳ ಊರು. 'ಕರ್ನಾಟಕದ ಮ್ಯಾಂಚೆಸ್ಟರ್' ಎಂದೇ ಅದಕ್ಕೆ ಹೆಸರಿತ್ತು. ಅಲ್ಲಿನ ಕಾರ್ಮಿಕ ಮುಖಂಡ ಪಂಪಾಪತಿಯವರನ್ನು ಜನ ೧೯೭೮, ೧೯೮೩ ಮತ್ತು ೧೯೮೫ರಲ್ಲಿ ವಿಧಾನಸಭೆಗೆ ಆರಿಸಿ ಕಳಿಸಿದರು. ಗಿರಣಿಯ ಕೂಲಿಕಾರನ ಪರವಾಗಿ, ಅವನ ಬದುಕು ಬಲ್ಲವರೊಬ್ಬರು ಬೆಂಗಳೂರಿನಲ್ಲಿ ಮಾತಾಡುತ್ತಾರೆ. ಇದು ಪ್ರಾತಿನಿಧ್ಯದ ಮೊದಲನೆಯ ಅರ್ಥ: ಒಬ್ಬರ ಪರವಾಗಿ ನಿಲ್ಲುವುದು.

ಎರಡನೆಯ ಅರ್ಥ, ಒಬ್ಬರನ್ನು ಚಿತ್ರಿಸುವುದು. ಕಥೆಗಾರ, ಚಿತ್ರಕಾರ, ನಿರ್ದೇಶಕ ಮಾಡುವ ಕೆಲಸ ಇದು. ಎರಡೂ ಬೇರೆ ಬೇರೆ. ಗಿರಣಿ ಕಾರ್ಮಿಕನ ಕಷ್ಟವನ್ನು ಕಣ್ಣಿಗೆ ಕಟ್ಟುವಂತೆ ಚಿತ್ರಿಸಿದ ಚಿತ್ರದಲ್ಲಿ ಗಿರಣಿ ಕಂಡವರು ಒಬ್ಬರೂ ಇಲ್ಲದಿರಬಹುದು. ಹಾಗೆಯೇ, ಗಿರಣಿ ಕಾರ್ಮಿಕನನ್ನೇ ತಂದು ಕ್ಯಾಮೆರಾದ ಮುಂದೆ ನಿಲ್ಲಿಸಿ, ಅವನ ಬಾಯಿಗೆ ಬೇರೆಯವರ ಮಾತನ್ನು ತುರುಕಿರಬಹುದು. ಚಿತ್ರವೊಂದರಲ್ಲಿ ಎಷ್ಟು ಬಗೆಯ ಜನ ಇದ್ದಾರೆಂದು ತಲೆ ಎಣಿಸುವುದು ಆರಂಭ ಮಾತ್ರ.

'ಸಂಸ್ಕಾರ': ಅಗ್ರಹಾರದ ಹೆಣ, ಗುಡಿಸಲಿನ ಹೆಣ

ಈಗ ನಮ್ಮದೇ ಒಂದು ಉದಾಹರಣೆಗೆ ಬರೋಣ. ಯು.ಆರ್. ಅನಂತಮೂರ್ತಿಯವರ 'ಸಂಸ್ಕಾರ' ಕಾದಂಬರಿ ಪ್ರಕಟವಾದದ್ದು ೧೯೬೫ರಲ್ಲಿ. ಮಲೆನಾಡಿನ ಒಂದು ಮಾಧ್ವ ಅಗ್ರಹಾರದಲ್ಲಿ ನಾರಣಪ್ಪನೆಂಬ ಆಚಾರಭ್ರಷ್ಟ ಬ್ರಾಹ್ಮಣ ಸಾಯುತ್ತಾನೆ. ಅವನ ಹೆಣಕ್ಕೆ ಸಂಸ್ಕಾರ ಮಾಡುವವರು ಯಾರು ಎಂಬ ಪ್ರಶ್ನೆಗೆ ಉತ್ತರ ಸಿಗದೆ ಇಡೀ ಅಗ್ರಹಾರ ಅನ್ನ ನೀರು ಬಿಟ್ಟು ಕೂರುತ್ತದೆ. ಪಂಡಿತರಾದ ಪ್ರಾಣೇಶಾಚಾರ್ಯರು ಗ್ರಂಥಗಳನ್ನೆಲ್ಲ ತಿರುವಿ ಹಾಕುತ್ತಾರೆ. ಹೆಣ ಕೊಳೆಯುತ್ತದೆ, ಊರಿಗೆ ಪ್ಲೇಗು ಬಂದಿರುತ್ತದೆ. ಒಂದು ವ್ಯವಸ್ಥೆ ಒಳಗೇ ಸತ್ತಿದೆ, ಅದನ್ನು ಸುಡುವ ಧೈರ್ಯ ಮಾತ್ರ ಯಾರಿಗೂ ಇಲ್ಲ ಎಂಬ ಒಳಾರ್ಥವನ್ನು ಓದುಗರು ಆಗಲೇ ಗುರುತಿಸಿದರು. ಅನಂತಮೂರ್ತಿಯವರೂ ಅವರ ಸಂಗಡಿಗರಲ್ಲಿ ಹಲವರೂ ರಾಮಮನೋಹರ ಲೋಹಿಯಾ ಅವರ ಸಮಾಜವಾದಿ ಚಿಂತನೆಯಿಂದ ಪ್ರಭಾವಿತರು ಎಂಬುದನ್ನು ನೆನೆದರೆ ಈ ಅರ್ಥ ಇನ್ನೂ ಸ್ಪಷ್ಟವಾಗುತ್ತದೆ.

೧೯೭೦ರಲ್ಲಿ ಟಿ. ಪಟ್ಟಾಭಿರಾಮ ರೆಡ್ಡಿಯವರು ಇದನ್ನು ಚಿತ್ರ ಮಾಡಿದರು. ಮದ್ರಾಸಿನ ಸೆನ್ಸಾರ್ ಮಂಡಳಿ ಮೊದಲು ಅನುಮತಿಯನ್ನೇ ನಿರಾಕರಿಸಿತು. ಬಳಿಕ ಅನುಮತಿ ಸಿಕ್ಕು, ಅತ್ಯುತ್ತಮ ಕಥಾಚಿತ್ರಕ್ಕಾಗಿ ರಾಷ್ಟ್ರಪ್ರಶಸ್ತಿ ಪಡೆದ ಮೊದಲ ಕನ್ನಡ ಚಿತ್ರವೆಂಬ ಕೀರ್ತಿ ಇದಕ್ಕೆ ಬಂತು.

ಚಿತ್ರದ ಹಿಂದಿದ್ದವರನ್ನು ನೋಡಿ. ನಿರ್ದೇಶಕರು ತೆಲುಗು ಕವಿ. ಛಾಯಾಗ್ರಾಹಕ ಟಾಮ್ ಕೋವನ್ ಆಸ್ಟ್ರೇಲಿಯಾದವರು. ಸಂಗೀತ ಸರೋದ್ ವಾದಕ ರಾಜೀವ ತಾರಾನಾಥರದು. ಪ್ರಾಣೇಶಾಚಾರ್ಯರ ಪಾತ್ರದಲ್ಲಿ ಗಿರೀಶ್ ಕಾರ್ನಾಡ್, ನಾರಣಪ್ಪನ ಪಾತ್ರದಲ್ಲಿ ಪಿ. ಲಂಕೇಶ್. ಕುಂದಾಪುರದಿಂದ ಬಂದು ನಾರಣಪ್ಪನ ಜೊತೆ ಬಾಳಿದ ಚಂದ್ರಿಯ ಪಾತ್ರದಲ್ಲಿ ಮದ್ರಾಸಿನ ರಂಗಭೂಮಿಯಿಂದ ಬಂದ ಸ್ನೇಹಲತಾ ರೆಡ್ಡಿ. ಬೇರೆ ಬೇರೆ ಭಾಷೆ, ಮತ, ದೇಶಗಳ ಜನ ಕೂಡಿ ಒಂದು ಅಗ್ರಹಾರವನ್ನು ತೆರೆಯ ಮೇಲೆ ನಿಜವೆನ್ನುವಂತೆ ಕಟ್ಟಿದರು. ಈ ಪೈಕಿ ಸ್ನೇಹಲತಾ ಅವರನ್ನು ತುರ್ತುಪರಿಸ್ಥಿತಿಯ ಕಾಲದಲ್ಲಿ ಬೆಂಗಳೂರಿನ ಸೆರೆಮನೆಯಲ್ಲಿ ತಿಂಗಳುಗಟ್ಟಲೆ ಇಡಲಾಯಿತು. ಆಸ್ತಮಾದಿಂದ ಬಳಲಿ, ಬಿಡುಗಡೆಯಾದ ಕೆಲವೇ ದಿನಗಳಲ್ಲಿ, ೧೯೭೭ರ ಜನವರಿಯಲ್ಲಿ, ಅವರು ತೀರಿಕೊಂಡರು. ಅವರಿಗೆ ರಾಜಕೀಯವೆಂಬುದು ತೆರೆಯ ಮೇಲಿನ ಒಳಾರ್ಥವಷ್ಟೇ ಆಗಿರಲಿಲ್ಲ.

ಇಷ್ಟು ವೈವಿಧ್ಯವಿದ್ದ ಮೇಲೆ ಇನ್ನೇನು ಕೇಳುವುದು ಎನ್ನಬಹುದು. ಕಾದಂಬರಿಯನ್ನೇ ಮತ್ತೊಮ್ಮೆ ತೆರೆದು ನೋಡೋಣ. ಅಷ್ಟೆಲ್ಲ ಶಾಸ್ತ್ರ ತಿರುವಿ ಹಾಕಿದರೂ ಆಗದ ಕೆಲಸವನ್ನು ಕೊನೆಗೆ ಮಾಡಿ ಮುಗಿಸುವವಳು ಚಂದ್ರಿ. ಅಹಮದ್ ಬ್ಯಾರಿ ಎಂಬ ಮುಸ್ಲಿಂ ಮೀನು ವ್ಯಾಪಾರಿಯ ನೆರವಿನಿಂದ ರಾತ್ರೋರಾತ್ರಿ ಹೆಣವನ್ನು ಸುಡಿಸಿ ಆಕೆ ಕುಂದಾಪುರದ ದಾರಿ ಹಿಡಿಯುತ್ತಾಳೆ. ಅಗ್ರಹಾರಕ್ಕೆ ಅದು ತಿಳಿಯುವುದೇ ಇಲ್ಲ. ಆಮೇಲೆ ಕಥೆ ಪ್ರಾಣೇಶಾಚಾರ್ಯರ ಹಿಂದೆ ಹೋಗುತ್ತದೆ. ಅವರ ಸಂಶಯ, ಅವರ ಭಯ, ಅವರ ಆತ್ಮಶೋಧನೆ. ಚಂದ್ರಿ ಏನು ಯೋಚಿಸುತ್ತ ಹೋದಳು, ಕುಂದಾಪುರದಲ್ಲಿ ಅವಳಿಗೆ ಏನು ಕಾದಿತ್ತು ಎಂಬುದು ನಮಗೆ ಸಿಗುವುದಿಲ್ಲ.

ಇನ್ನೊಂದು ಸಂಗತಿಯಂತೂ ಕಲಕುವಂಥದು. ಅದೇ ಪ್ಲೇಗಿಗೆ ಅಗ್ರಹಾರದ ಆಚೆಯ ದಲಿತರ ಗುಡಿಸಲುಗಳಲ್ಲೂ ಜನ ಸಾಯುತ್ತಾರೆ. ಅಲ್ಲಿ ಹೆಣವಿರುವ ಗುಡಿಸಲಿಗೇ ಬೆಂಕಿ ಇಟ್ಟುಬಿಡುತ್ತಾರೆ. ಒಂದು ಹೆಣದ ಸುತ್ತ ಇಡೀ ಕಾದಂಬರಿ. ಆ ಹೆಣಗಳಿಗೆ ಕೆಲವು ಸಾಲು. ಅಗ್ರಹಾರದ ಕುರುಡನ್ನು ತೋರಿಸಲೆಂದೇ ಲೇಖಕರು ಹೀಗೆ ಬರೆದರೆಂದು ವಾದಿಸಬಹುದು, ಅದು ಬಲವಾದ ವಾದವೂ ಹೌದು. ಆದರೆ ಕುರುಡನ್ನು ತೋರಿಸುವ ಕ್ಯಾಮೆರಾ ತಾನು ಯಾವ ಕಡೆ ಮುಖಮಾಡಿ ನಿಂತಿದೆ ಎಂದು ಕೇಳುವ ಹಕ್ಕು ನೋಡುಗನಿಗೆ ಇದ್ದೇ ಇದೆ.

ರೂಪಕಕಥೆಗೇ ಅಂಟಿಕೊಂಡ ಒಂದು ತೊಡಕು ಇಲ್ಲಿದೆ. ರೂಪಕದಲ್ಲಿ ಪ್ರತಿಯೊಂದು ಪಾತ್ರಕ್ಕೂ ಒಂದು ಅರ್ಥವಿರುತ್ತದೆ. ಆದರೆ ಕೆಲವು ಪಾತ್ರಗಳಿಗೆ ಅರ್ಥದ ಜೊತೆಗೆ ಮನಸ್ಸೂ ಇರುತ್ತದೆ. ಇನ್ನು ಕೆಲವಕ್ಕೆ ಅರ್ಥ ಮಾತ್ರ. ಪ್ರಾಣೇಶಾಚಾರ್ಯರು ಒಂದು ವ್ಯವಸ್ಥೆಯ ಪ್ರತೀಕ, ಜೊತೆಗೆ ನರಳುವ ಮನುಷ್ಯ. ಚಂದ್ರಿಯನ್ನು 'ಪ್ರಕೃತಿ' ಎಂದೋ 'ಜೀವಶಕ್ತಿ' ಎಂದೋ ಕರೆದು ನಾವು ಮುಂದೆ ಹೋಗಿಬಿಡುತ್ತೇವೆ. ಯಾರಿಗೆ ಮನುಷ್ಯರಾಗುವ ಅವಕಾಶ ಸಿಕ್ಕಿದೆ, ಯಾರು ಬರೀ ಸಂಕೇತವಾಗಿ ಉಳಿದಿದ್ದಾರೆ? ಪ್ರಾತಿನಿಧ್ಯದ ಪ್ರಶ್ನೆಯ ತಿರುಳು ಇದು.

ಚೋಮನ ದುಡಿ ಮತ್ತು ಹರಿಹರದ ಇಬ್ಬರು

ಶಿವರಾಮ ಕಾರಂತರು 'ಚೋಮನ ದುಡಿ'ಯನ್ನು ಬರೆದದ್ದು ೧೯೩೩ರಲ್ಲಿ. ಬಿ.ವಿ. ಕಾರಂತರ ನಿರ್ದೇಶನದಲ್ಲಿ ಅದು ಚಿತ್ರವಾದದ್ದು ೧೯೭೫ರಲ್ಲಿ. ಚೋಮನ ಬಳಿ ಒಂದು ಜೊತೆ ಎತ್ತುಗಳಿವೆ, ಉಳಲು ಹೊಲವಿಲ್ಲ. ಅಸ್ಪೃಶ್ಯನೆಂಬ ಕಾರಣಕ್ಕೆ ಅವನಿಗೆ ಹೊಲ ದಕ್ಕುವುದೂ ಇಲ್ಲ. ಸಿಟ್ಟು, ದುಃಖ, ಸಂತೋಷ ಏನು ಬಂದರೂ ಅವನು ದುಡಿ ಬಾರಿಸುತ್ತಾನೆ. ಈ ಚಿತ್ರಕ್ಕೂ ಅತ್ಯುತ್ತಮ ಕಥಾಚಿತ್ರ ರಾಷ್ಟ್ರಪ್ರಶಸ್ತಿ ಬಂತು. ಚೋಮನ ಪಾತ್ರ ಮಾಡಿದ ಎಂ.ವಿ. ವಾಸುದೇವರಾಯರಿಗೆ ಅತ್ಯುತ್ತಮ ನಟ ಪ್ರಶಸ್ತಿ ಬಂತು.

ಕಾದಂಬರಿಗೂ ಚಿತ್ರಕ್ಕೂ ನಡುವೆ ನಾಲ್ಕು ದಶಕಗಳು. ಅಷ್ಟರಲ್ಲಿ ದೇವರಾಜ ಅರಸರ ಸರ್ಕಾರ ತಂದ ಭೂಸುಧಾರಣೆಯ ತಿದ್ದುಪಡಿ ೧೯೭೪ರ ಮಾರ್ಚಿನಿಂದ ಜಾರಿಗೆ ಬಂದಿತ್ತು. ಉಳುವವನೇ ಹೊಲದೊಡೆಯ ಎಂದು ನಾಡೆಲ್ಲ ಮಾತಾಡುತ್ತಿದ್ದ ಕಾಲ. ಆದರೆ ಕಾನೂನು ಮುಖ್ಯವಾಗಿ ಗುರುತಿಸಿದ್ದು ಗೇಣಿದಾರನನ್ನು. ಚೋಮ ಗೇಣಿದಾರನಲ್ಲ, ಜೀತದ ಆಳು. ಹೊಸ ಕಾನೂನಿನ ಕಾಲದಲ್ಲಿದ್ದರೂ ಚೋಮನಿಗೆ ಹೊಲ ಸಿಗುತ್ತಿತ್ತೆಂದು ಹೇಳುವಂತಿರಲಿಲ್ಲ. ಹಳೆಯ ಕಥೆ ಹೊಸ ಕಾಲದ ರಾಜಕೀಯ ರೂಪಕವಾಗುವುದು ಹೀಗೆ.

ಇನ್ನು ಮುಖದ ಪ್ರಶ್ನೆ. ಬರೆದ ಕಾರಂತರೂ, ನಿರ್ದೇಶಿಸಿದ ಕಾರಂತರೂ ಕರಾವಳಿಯ ಬ್ರಾಹ್ಮಣ ಮನೆತನಗಳಿಂದ ಬಂದವರು. ಚೋಮನ ನೋವನ್ನು ಅವರು ಹೃದಯದಿಂದಲೇ ಕಂಡರು, ಅದರಲ್ಲಿ ಅನುಮಾನವಿಲ್ಲ. ಆದರೆ ಚೋಮನ ಕೇರಿಯವರು ಇದೇ ಕಥೆಯನ್ನು ಹೇಳಿದ್ದರೆ ಹೇಗೆ ಹೇಳುತ್ತಿದ್ದರು? ಈ ಪ್ರಶ್ನೆ ಕನ್ನಡದಲ್ಲಿ ಗಟ್ಟಿದನಿಯಲ್ಲಿ ಎದ್ದ ಕಾಲ ಅದೇ. ಅದನ್ನು ಎತ್ತಿದ ಇಬ್ಬರು ಹರಿಹರದವರು.

ಒಬ್ಬರು ಬಿ. ಬಸವಲಿಂಗಪ್ಪನವರು. ಅರಸರ ಸಂಪುಟದಲ್ಲಿ ಸಚಿವರಾಗಿ, ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಲ್ಲಿಸಿದವರು. ೧೯೭೩ರ ನವೆಂಬರಿನಲ್ಲಿ ಮೈಸೂರಿನ ಸಭೆಯೊಂದರಲ್ಲಿ, ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂಬ ಅರ್ಥದ ಮಾತಾಡಿದರು. ದನದ ಮೇವಿಗೆ ಹೋಲಿಸಿದ್ದರಿಂದ ನಾಡಿನಾದ್ಯಂತ ಗಲಭೆಯಾಯಿತು, ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು, ಅವರು ಸಚಿವ ಸ್ಥಾನ ಬಿಡಬೇಕಾಯಿತು. ಆ ಮಾತಿನ ಒರಟನ್ನು ಯಾರು ಬೇಕಾದರೂ ಟೀಕಿಸಬಹುದು. ಅದರ ಹಿಂದಿದ್ದ ಪ್ರಶ್ನೆ ಮಾತ್ರ ಉಳಿಯಿತು: ಈ ಸಾಹಿತ್ಯದಲ್ಲಿ ನಾವು ಎಲ್ಲಿದ್ದೇವೆ?

ಇನ್ನೊಬ್ಬರು ಪ್ರೊ. ಬಿ. ಕೃಷ್ಣಪ್ಪನವರು. ೧೯೩೮ರಲ್ಲಿ ಹರಿಹರದಲ್ಲಿ ಹುಟ್ಟಿ, ಭದ್ರಾವತಿಯಲ್ಲಿ ಕನ್ನಡ ಅಧ್ಯಾಪಕರಾಗಿದ್ದು, ದಲಿತ ಸಂಘರ್ಷ ಸಮಿತಿಯನ್ನು ಕಟ್ಟಿದವರು. ಬೂಸಾ ಪ್ರಕರಣದ ನಂತರದ ವರ್ಷಗಳಲ್ಲಿ ಈ ಸಂಘಟನೆ ನಾಡಿನ ಊರೂರಿಗೆ ಹಬ್ಬಿತು. ೧೯೭೫ರಲ್ಲೇ ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಪ್ರಕಟವಾಯಿತು. ತೆರೆಯ ಮೇಲೆ ಚೋಮ ಮಾತಿಲ್ಲದೆ ದುಡಿ ಬಾರಿಸುತ್ತಿದ್ದ ಹೊತ್ತಿನಲ್ಲೇ, ತೆರೆಯ ಹೊರಗೆ ಚೋಮನ ಮೊಮ್ಮಕ್ಕಳು ತಮ್ಮದೇ ಮಾತಿನಲ್ಲಿ ಹಾಡತೊಡಗಿದ್ದರು.

ನಟನೆಯೆಂದರೆ ಪರಕಾಯ ಪ್ರವೇಶವಲ್ಲವೇ?

ನಿಮ್ಮಲ್ಲಿ ಕೆಲವರು ಈ ಮಾತನ್ನು ಎತ್ತಿಯೇ ಎತ್ತುತ್ತೀರಿ. ರಾಜನ ಪಾತ್ರಕ್ಕೆ ರಾಜನೇ ಬೇಕೆ? ಆಯಾ ಜಾತಿಯವರೇ ಆಯಾ ಪಾತ್ರ ಮಾಡಬೇಕೆಂದರೆ ಕಲೆಗೆ ಬೇಲಿ ಹಾಕಿದಂತಾಗುವುದಿಲ್ಲವೇ? ಈ ಆಕ್ಷೇಪಣೆಯನ್ನು ಹಗುರವಾಗಿ ತಳ್ಳುವಂತಿಲ್ಲ. ಪ್ರಾಣೇಶಾಚಾರ್ಯ, ನಾರಣಪ್ಪನ ಪಾತ್ರ ಮಾಡಿದವರೂ ಮಾಧ್ವ ಅಗ್ರಹಾರದಿಂದ ಬಂದವರಲ್ಲ. ಚಿತ್ರ ಅದರಿಂದ ಸೊರಗಲಿಲ್ಲ.

ಇದಕ್ಕೆ ಉತ್ತರ ಹುಡುಕಲು ದಾವಣಗೆರೆಯ ರಂಗಭೂಮಿಯನ್ನೇ ನೆನೆಯಬಹುದು. ಚಿಂದೋಡಿ ಮನೆತನದ ಕೆ.ಬಿ.ಆರ್. ಡ್ರಾಮಾ ಕಂಪನಿ ಈ ಊರಿನದು. ಕಂಪನಿ ನಾಟಕಗಳ ಮೊದಲ ದಿನಗಳಲ್ಲಿ ಹೆಣ್ಣಿನ ಪಾತ್ರವನ್ನು ಗಂಡಸರೇ ಮಾಡುತ್ತಿದ್ದರು, ಬಹಳ ಚೆನ್ನಾಗಿಯೇ ಮಾಡುತ್ತಿದ್ದರು. ಹೆಂಗಸರು ರಂಗಕ್ಕೆ ಬರುವುದು ಆಗ ಮರ್ಯಾದೆಯ ಪ್ರಶ್ನೆಯಾಗಿತ್ತು. ಆಮೇಲೆ ಚಿಂದೋಡಿ ಲೀಲಾ ಅವರಂಥ ನಟಿಯರು ಬಂದರು. ಲೀಲಾ ಅವರು ಕಂಪನಿಯನ್ನು ನಡೆಸುವವರೂ ಆದರು. ಹಳೆಯ ಸ್ತ್ರೀಪಾತ್ರಧಾರಿಗಳ ಕಲೆ ಇದರಿಂದ ಸುಳ್ಳಾಗಲಿಲ್ಲ. ಆದರೆ ಹೆಣ್ಣೇ ಬಂದು ನಿಂತ ಮೇಲೆ, ಇಷ್ಟು ದಿನ ಆಕೆಯನ್ನು ಹೊರಗಿಟ್ಟಿದ್ದೆವಲ್ಲ ಎಂಬುದು ಎಲ್ಲರಿಗೂ ಕಂಡಿತು.

ಆದ್ದರಿಂದ ಬೇಲಿಯ ಪ್ರಶ್ನೆಯನ್ನು ತಿರುಗಿಸಿಯೂ ಕೇಳಬೇಕು. ಯಾರು ಬೇಕಾದರೂ ಯಾರ ಪಾತ್ರವನ್ನಾದರೂ ಮಾಡಬಹುದು ಎನ್ನುವುದು ನ್ಯಾಯವೇ. ಆದರೆ ಚೋಮನ ಕೇರಿಯ ಹುಡುಗನಿಗೆ ಪ್ರಾಣೇಶಾಚಾರ್ಯರ ಪಾತ್ರ ಸಿಗುವ ಬಾಗಿಲೂ ಅಷ್ಟೇ ಅಗಲವಾಗಿ ತೆರೆದಿದೆಯೇ? ಒಂದೇ ಕಡೆಯಿಂದ ದಾಟಬಹುದಾದ ಬೇಲಿಯೂ ಬೇಲಿಯೇ.

ನೆರೆಯ ಮರಾಠಿಯಿಂದ ಒಂದು ಉದಾಹರಣೆ ನೋಡಬಹುದು. ನಾಗರಾಜ ಮಂಜುಳೆಯವರ 'ಫ್ಯಾಂಡ್ರಿ' ೨೦೧೩ರ ಚಿತ್ರ. ಆ ಹೆಸರಿಗೆ ಕೈಕಾಡಿ ಭಾಷೆಯಲ್ಲಿ ಹಂದಿ ಎಂದರ್ಥ. ಊರಿನ ಹಂದಿಗಳನ್ನು ಹಿಡಿಯುವ ಕೆಲಸಕ್ಕೆ ಕಟ್ಟುಬಿದ್ದ ಕುಟುಂಬದ ಹುಡುಗನ ಕಥೆ. ಹಂದಿ ಇಲ್ಲಿ ಒಂದು ರೂಪಕ. ಊರು ಆ ಕುಟುಂಬವನ್ನು ನೋಡುವ ದೃಷ್ಟಿಯೇ ಅದರ ಒಳಾರ್ಥ. ನಿರ್ದೇಶಕರು ಸ್ವತಃ ಹಿಂದುಳಿದ ಸಮುದಾಯದಿಂದ ಬಂದವರು. ಹುಡುಗನ ಪಾತ್ರಕ್ಕೆ ಅವರು ಆರಿಸಿದ್ದು ಸಿನಿಮಾ ಕಂಡರಿಯದ ಹಳ್ಳಿಯ ಬಾಲಕನನ್ನು. ಇಲ್ಲಿ ಹುಡುಗ ಸಂಕೇತವೂ ಹೌದು, ಪ್ರೀತಿ, ನಾಚಿಕೆ, ಸಿಟ್ಟು ಎಲ್ಲ ಇರುವ ಹುಡುಗನೂ ಹೌದು. ಕೊನೆಯಲ್ಲಿ ಅವನು ಎತ್ತಿ ಬೀಸುವ ಕಲ್ಲು ನೇರವಾಗಿ ನೋಡುಗರತ್ತಲೇ ಬರುತ್ತದೆ.

ನೋಡುವಾಗ ಗಮನಿಸಿ

ಹಳೆಯ ಚಿತ್ರಗಳನ್ನು ಇಂದಿನ ತಕ್ಕಡಿಯಲ್ಲಿ ತೂಗಿ ಬಿಸಾಡುವುದು ಈ ಲೇಖನದ ಉದ್ದೇಶವಲ್ಲ. 'ಸಂಸ್ಕಾರ'ವನ್ನೂ 'ಚೋಮನ ದುಡಿ'ಯನ್ನೂ ಮಾಡಿದವರು ತಮ್ಮ ಕಾಲದಲ್ಲಿ ದೊಡ್ಡ ಧೈರ್ಯವನ್ನೇ ತೋರಿದರು. ಅವರು ತೆರೆದ ದಾರಿಯಿಂದಲೇ ನಾವು ಮುಂದಿನ ಪ್ರಶ್ನೆ ಕೇಳಬಲ್ಲೆವು. ಯಾವುದೇ ರೂಪಕಕಥೆಯ ಚಿತ್ರ ನೋಡುವಾಗ ಈ ಕೆಳಗಿನವನ್ನು ಬರೆದಿಟ್ಟುಕೊಂಡು, ತರಗತಿಯಲ್ಲಿ ಗೆಳೆಯರೊಂದಿಗೆ ಚರ್ಚಿಸಿ:

೧. ಕಥೆಯಲ್ಲಿ ಯಾವ ಯಾವ ಸಮುದಾಯದ ಜನರಿದ್ದಾರೆ? ಅವರಲ್ಲಿ ಯಾರಿಗೆ ಹೆಸರಿದೆ, ಯಾರು ಬರೀ ಗುಂಪಿನಲ್ಲಿದ್ದಾರೆ?

೨. ಯಾರು ಹೆಚ್ಚು ಮಾತಾಡುತ್ತಾರೆ? ಯಾರ ಮೌನವನ್ನು ಹಿನ್ನೆಲೆ ಸಂಗೀತ ತುಂಬುತ್ತದೆ?

೩. ಯಾವ ಪಾತ್ರ ಸಂಕೇತವೂ ಮನುಷ್ಯನೂ ಆಗಿದೆ? ಯಾವುದು ಸಂಕೇತ ಮಾತ್ರ?

೪. ಪುಸ್ತಕದಲ್ಲಿದ್ದ ಯಾರು ಚಿತ್ರದಲ್ಲಿ ಇಲ್ಲ? ಪುಸ್ತಕದ ಮುಕ್ತಾಯ ಬದಲಾಗಿದ್ದರೆ ಅದರಿಂದ ಯಾರಿಗೆ ಅನುಕೂಲ?

೫. ಕ್ಯಾಮೆರಾದ ಹಿಂದೆ ಯಾರಿದ್ದರು?

ಮುಂದಿನ ಸಲ ಹರಿಹರದ ಗುಡಿಗೆ ಹೋದಾಗ ಆ ಮೂರ್ತಿಯನ್ನು ಇನ್ನೊಮ್ಮೆ ನೋಡಿ. ಎರಡು ಅರ್ಧಗಳಿಗೂ ಅವುಗಳದೇ ಲಾಂಛನಗಳಿವೆ; ಒಂದು ಇನ್ನೊಂದನ್ನು ನುಂಗಿಲ್ಲ. ಗುಡಿಯಿಂದ ಹೊರಬಂದ ಮೇಲೆ, ಅದೇ ಊರಿನಲ್ಲಿ ಹುಟ್ಟಿ 'ನಾವು ಎಲ್ಲಿದ್ದೇವೆ?' ಎಂದು ಕೇಳಿದ ಆ ಇಬ್ಬರನ್ನೂ ನೆನೆದುಕೊಳ್ಳಿ.